ವಯೋವೃದ್ಧರ ಚರ್ಮಾರ್ಬುದ ಮತ್ತು ವಿಕಿರಣ ಚಿಕಿತ್ಸೆ: ಒಂದು ವಿಮರ್ಶೆ

೧

ಯಾವುದೇ ಚಿಕಿತ್ಸಾಕ್ರಮದ ಇತಿಹಾಸವನ್ನು ಬರೆಯಹೊರಟವರು ಬಹುಮಟ್ಟಿಗೆ ಅದರ ಉಪಕರಣಗಳ ಇತಿಹಾಸವನ್ನು ಬರೆದು ತೃಪ್ತರಾಗುತ್ತಾರೆ. ವಿಕಿರಣ ಚಿಕಿತ್ಸೆಯ ವಿಷಯದಲ್ಲಿ ಈ ಮಾತು ವಿಶೇಷವಾಗಿ ನಿಜ. ೧೮೯೫ರಲ್ಲಿ ಜರ್ಮನಿಯ ರಂಟ್‌ಗೆನ್ನನು ಕ್ಷ-ಕಿರಣಗಳನ್ನು ಕಂಡುಹಿಡಿದುದು, ೧೮೯೮ರಲ್ಲಿ ಕ್ಯೂರಿ ದಂಪತಿಗಳು ರೇಡಿಯಂ ಧಾತುವನ್ನು ಪತ್ತೆಮಾಡಿದುದು, ೧೯೫೧ರಲ್ಲಿ ಕೆನಡಾ ದೇಶದಲ್ಲಿ ಕೋಬಾಲ್ಟ್ ಯಂತ್ರವು ರೋಗಿಗಳ ಸೇವೆಗೆ ಬಂದುದು, ಅನಂತರ ಅದರ ಸ್ಥಾನವನ್ನು ರೇಖೀಯ ವೇಗವರ್ಧಕಗಳು ಆಕ್ರಮಿಸಿದುದು: ಪಾಠಪುಸ್ತಕಗಳಲ್ಲಿಯೂ ಜನಪ್ರಿಯ ಲೇಖನಗಳಲ್ಲಿಯೂ ಈ ಸರಣಿಯೇ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಸರಣಿಯಲ್ಲಿ ತಪ್ಪೇನೂ ಇಲ್ಲ. ಆದರೆ ಅದರಲ್ಲಿ ರೋಗಿಯಿಲ್ಲ. ರೋಗಿ ಎಷ್ಟು ವರ್ಷದವನು, ಯಾವ ಊರಿನವನು, ಆಸ್ಪತ್ರೆಗೆ ಹೇಗೆ ಬಂದನು, ಬಾರದೆ ಹೋದವನು ಏತಕ್ಕೆ ಬಾರದೆ ಹೋದನು ಎಂಬ ಪ್ರಶ್ನೆಗಳಿಗೆ ಆ ಇತಿಹಾಸದಲ್ಲಿ ಎಡೆಯಿಲ್ಲ.

ಈ ಕೊರತೆಯು ನನ್ನ ಗಮನಕ್ಕೆ ಬಂದುದು ಗ್ರಂಥಾಲಯದಲ್ಲಿ ಅಲ್ಲ. ಕೆಲವು ಕಾಲದ ಹಿಂದೆ ಸಹಕಾರಿ ಚಳವಳಿಯ ಇತಿಹಾಸವನ್ನು ಅಭ್ಯಾಸ ಮಾಡುತ್ತಿದ್ದ ವಿದ್ಯಾರ್ಥಿಗಳನ್ನು ಕರೆದುಕೊಂಡು ಗದಗ ತಾಲೂಕಿನ ಕಣಗಿನಹಾಳಕ್ಕೆ ಹೋಗಿದ್ದೆನು. ೧೯೦೪ರ ಸಹಕಾರಿ ಪತ್ತಿನ ಸಂಘಗಳ ಶಾಸನವು ಜಾರಿಗೆ ಬಂದ ಮರುವರ್ಷವೇ, ಅಂದರೆ ೧೯೦೫ರಲ್ಲಿ, ಶ್ರೀ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಸ್ಥಾಪಿಸಿದ ಕೃಷಿ ಪತ್ತಿನ ಸಂಘವು ಭಾರತದ ಸಹಕಾರಿ ಚರಿತ್ರೆಯಲ್ಲಿ ಮೊದಲನೆಯದೆಂದು ಪ್ರಸಿದ್ಧವಾಗಿದೆ. ಕಾಗದಪತ್ರಗಳ ಮಾತು ಮುಗಿದ ಮೇಲೆ ಒಂದು ಮನೆಯಲ್ಲಿ ನಮಗೆ ಚಹಾ ಕೊಟ್ಟರು. ಆ ಮನೆಯ ಹಿರಿಯರಿಗೆ ಧೋತರ ಕಟ್ಟುವ ಸೊಂಟದ ಭಾಗದಲ್ಲಿ ಬಹುಕಾಲದಿಂದ ಮಾಯದ ಹುಣ್ಣೊಂದಿತ್ತು. ವೈದ್ಯರು ತುಣುಕು ತೆಗೆದು ಪರೀಕ್ಷೆ ಮಾಡಿಸಿ ಅದು ಅರ್ಬುದವೆಂದು ಹೇಳಿದ್ದರು. ಹೃದಯದ ದೌರ್ಬಲ್ಯವಿದ್ದುದರಿಂದ ಶಸ್ತ್ರಕ್ರಿಯೆಗಿಂತ ವಿಕಿರಣ ಚಿಕಿತ್ಸೆಯೇ ಲೇಸೆಂದು ಸೂಚಿಸಿದ್ದರು. ಮುಂದೇನಾಯಿತೆಂದು ವಿಚಾರಿಸಲು ಮಗನು ಹೇಳಿದ ಮಾತು ಹೀಗಿತ್ತು: "ಅಪ್ಪಗ ಎಂಬತ್ತು ದಾಟ್ಯಾವ್ರೀ ಸರ. ದಿನಾ ಹುಬ್ಬಳ್ಳಿಗೆ ಹೋಗಿ ಕರೆಂಟ್ ಇಡಿಸ್ಕೊಂಡು ಬರಬೇಕಂದ್ರ ಜೋಡಿ ಯಾರು ಹೋಗೂದು? ಈ ವಯಸ್ಸಿನ್ಯಾಗ ಬ್ಯಾಡ ಅಂತ ಬಿಟ್ಟೀವಿ."

ಆ ಮಾತು ನಡೆಯುವಾಗ ಹಿರಿಯರು ಅಲ್ಲಿಯೇ ಕುಳಿತಿದ್ದರು. ಅವರನ್ನು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಪ್ರಸ್ತುತ ಲೇಖನವು ಆ ಮಗನ ಮಾತಿನ ವಿಮರ್ಶೆ. ಅದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ಅದು ಸರಿಯಲ್ಲವೆಂಬುದು ಮುಂದಿನ ವಿವೇಚನೆಯಿಂದ ತಿಳಿದುಬರುವುದು. ನಾನು ವೈದ್ಯನಲ್ಲ, ಇತಿಹಾಸದ ಅಧ್ಯಾಪಕ. ಆದುದರಿಂದ ಯಾವ ರೋಗಿಗೆ ಯಾವ ಚಿಕಿತ್ಸೆಯೆಂದು ವಿಧಿಸುವ ಅಧಿಕಾರ ನನಗಿಲ್ಲ. ಒಂದು ನಿರ್ಣಯದ ಹಿಂದಿರುವ ವಾದಗಳನ್ನು ಪರೀಕ್ಷಿಸುವುದು ಮಾತ್ರ ಇತಿಹಾಸಕಾರನ ಕೆಲಸವೇ ಆಗಿದೆ.

೨

ಮೊದಲು "ದಿನಾ" ಎಂಬ ಶಬ್ದವನ್ನು ತೆಗೆದುಕೊಳ್ಳೋಣ. ಒಂದೇ ಸಲಕ್ಕೆ ಮುಗಿಯಬಾರದೆ, ಮೂವತ್ತು ದಿನವೇಕೆ ಎಂದು ಹಳ್ಳಿಯ ರೋಗಿ ಕೇಳುತ್ತಾನೆ. ಇದಕ್ಕೆ ಉತ್ತರವು ಇತಿಹಾಸದಲ್ಲಿದೆ.

ವಿಕಿರಣದಿಂದ ಗುಣವಾದ ಮೊದಲ ಅರ್ಬುದಗಳು ಚರ್ಮದವೇ ಎಂಬುದು ಗಮನಾರ್ಹವಾದ ಸಂಗತಿ. ಸ್ವೀಡನ್ನಿನ ಸ್ಟೆನ್‌ಬೆಕ್ ಎಂಬ ವೈದ್ಯನು ೧೮೯೯ರಲ್ಲಿ ಮಹಿಳೆಯೊಬ್ಬಳ ಮೂಗಿನ ಮೇಲಿನ ಅರ್ಬುದಕ್ಕೆ ಹಲವು ತಿಂಗಳುಗಳ ಕಾಲ, ಸುಮಾರು ನೂರು ಸಲ, ಕ್ಷ-ಕಿರಣಗಳನ್ನು ಹಾಯಿಸಿದನು. ಹುಣ್ಣು ಮಾಯಿತು, ಮೂವತ್ತು ವರ್ಷಗಳ ಅನಂತರವೂ ಆಕೆ ಆರೋಗ್ಯದಿಂದಿದ್ದಳು. ಚರ್ಮವು ಹೊರಗೆ ಕಾಣುವ ಅಂಗ, ಆ ಕಾಲದ ಕಿರಣಗಳು ಆಳಕ್ಕೆ ಇಳಿಯಲಾರದಂಥವು. ಹೀಗಾಗಿ ಉಪಕರಣದ ದೌರ್ಬಲ್ಯವೇ ಈ ರೋಗಕ್ಕೆ ಅನುಕೂಲವಾಯಿತು. ಆದರೆ ಇದೇ ಕಥೆಗೆ ಇನ್ನೊಂದು ಮುಖವಿದೆ. ೧೯೦೨ರಲ್ಲಿ ಹ್ಯಾಂಬರ್ಗ್ ನಗರದ ಫ್ರೀಬೆನ್ ಎಂಬ ವೈದ್ಯನು, ಕ್ಷ-ಕಿರಣ ನಳಿಕೆಗಳ ತಯಾರಿಕೆಯಲ್ಲಿ ತೊಡಗಿದ್ದ ಕೆಲಸಗಾರನೊಬ್ಬನ ಕೈಯ ಮೇಲೆ ಆ ಕಿರಣಗಳಿಂದಲೇ ಅರ್ಬುದವುಂಟಾದುದನ್ನು ವರದಿಮಾಡಿದನು. ಗುಣಪಡಿಸಿದ ವಸ್ತುವೇ ರೋಗವನ್ನು ಹುಟ್ಟಿಸಬಲ್ಲದೆಂದು ಮೂರು ವರ್ಷಗಳೊಳಗಾಗಿ ತಿಳಿದುಬಂದಿತು.

ಈ ಎರಡು ಅನುಭವಗಳ ನಡುವಣ ದಾರಿಯನ್ನು ತೋರಿಸಿದವರು ಪ್ಯಾರಿಸ್ಸಿನ ಸಂಶೋಧಕರು. ಒಂದೇ ಸಲ ದೊಡ್ಡ ಪ್ರಮಾಣದಲ್ಲಿ ಕೊಡುವ ಬದಲು ಅನೇಕ ದಿನಗಳ ಮೇಲೆ ಹಂಚಿಕೊಟ್ಟರೆ, ಬೇಗ ಬೇಗ ವೃದ್ಧಿಯಾಗುವ ಜೀವಕಣಗಳು ನಾಶವಾಗಿ, ಮೇಲಣ ಚರ್ಮವು ಉಳಿಯುವುದೆಂದು ರೆಗೋ ಎಂಬವನು ಟಗರುಗಳ ಮೇಲಿನ ಪ್ರಯೋಗಗಳಿಂದ ಸಿದ್ಧಪಡಿಸಿದನು. ಅವನ ಸಹೋದ್ಯೋಗಿ ಕೂತಾರ್ ಇದನ್ನು ಗಂಟಲಿನ ಅರ್ಬುದದ ರೋಗಿಗಳಿಗೆ ಅನ್ವಯಿಸಿದನು. ಆರೋಗ್ಯವಂತ ಕಣಕ್ಕೆ ತನ್ನ ಗಾಯವನ್ನು ತಾನೇ ಸರಿಪಡಿಸಿಕೊಳ್ಳುವ ಶಕ್ತಿ ಹೆಚ್ಚು, ಅರ್ಬುದಕಣಕ್ಕೆ ಕಡಿಮೆ. ಎರಡು ಸರದಿಗಳ ನಡುವಣ ಬಿಡುವು ಈ ವ್ಯತ್ಯಾಸವನ್ನು ಉಪಯೋಗಿಸಿಕೊಳ್ಳುತ್ತದೆ. ಇಂದಿಗೂ ಪೂರ್ಣ ಪ್ರಮಾಣದ ಚಿಕಿತ್ಸೆಯಲ್ಲಿ ದಿನಕ್ಕೆ ಸುಮಾರು ೨ ಗ್ರೇ ಎಂಬ ಅಳತೆಯಂತೆ, ವಾರಕ್ಕೆ ಐದು ದಿನ, ಒಟ್ಟು ೬೦ರಿಂದ ೭೦ ಗ್ರೇಗಳನ್ನು ಆರೇಳು ವಾರಗಳಲ್ಲಿ ಕೊಡುವ ಪದ್ಧತಿಯಿದೆ. ಹೀಗೆ ಮೂವತ್ತು ಪ್ರಯಾಣಗಳು ಯಾರದೋ ಉದಾಸೀನದ ಫಲವಲ್ಲ. ಚರ್ಮವನ್ನು ಉಳಿಸುವ ಉದ್ದೇಶದಿಂದ ಬಂದವು.

ನಮ್ಮ ಜನರು ಬಳಸುವ "ಕರೆಂಟ್" ಎಂಬ ಶಬ್ದವೂ ವಿಚಾರಾರ್ಹವಾಗಿದೆ. ವಿದ್ಯುತ್ತಿನ ಆಘಾತ, ಸುಡುವಿಕೆ, ನೋವು ಇವೆಲ್ಲವೂ ಆ ಶಬ್ದದೊಡನೆ ಮನಸ್ಸಿಗೆ ಬರುತ್ತವೆ. ವಸ್ತುತಃ ಕಿರಣ ಹಾಯುವಾಗ ರೋಗಿಗೆ ಏನೂ ತಿಳಿಯುವುದಿಲ್ಲ, ಅರಿವಳಿಕೆ ಬೇಕಿಲ್ಲ, ಕೆಲವು ನಿಮಿಷಗಳಲ್ಲಿ ಮುಗಿಯುತ್ತದೆ. ಎರಡು ಮೂರು ವಾರಗಳ ಮೇಲೆ ಆ ಸ್ಥಳವು ಕೆಂಪಗಾಗಿ, ಸಿಪ್ಪೆಯೆದ್ದು, ಕೆಲವೊಮ್ಮೆ ರಸಿಕೆ ಒಸರಿ, ಚಿಕಿತ್ಸೆ ಮುಗಿದ ಕೆಲವು ವಾರಗಳಲ್ಲಿ ಮಾಯುತ್ತದೆ. ಶಬ್ದವು ತಪ್ಪು ಭಯವನ್ನು ಹುಟ್ಟಿಸುತ್ತದೆ. ನಿಜವಾದ ತೊಂದರೆಯನ್ನು ಹೇಳುವುದಿಲ್ಲ.

೩

ಎರಡನೆಯದಾಗಿ, ರೋಗದ ಸ್ವರೂಪವನ್ನು ಕುರಿತು ನಮ್ಮಲ್ಲಿ ಬರುವ ಬರಹಗಳನ್ನು ನೋಡಬೇಕು. ಚರ್ಮಾರ್ಬುದವೆಂದರೆ ಬಿಸಿಲಿನಿಂದ ಬಿಳಿಯ ಚರ್ಮಕ್ಕೆ ಬರುವ ವ್ಯಾಧಿಯೆಂದು ಪಾಶ್ಚಾತ್ಯ ಗ್ರಂಥಗಳಿಂದ ಎತ್ತಿಕೊಂಡ ಮಾತುಗಳೇ ಅವುಗಳಲ್ಲಿ ಹೆಚ್ಚು. ಮೈಬಣ್ಣವು ನಮಗೆ ಬಹಳಷ್ಟು ರಕ್ಷಣೆ ನೀಡುತ್ತದೆಂಬುದು ದಿಟ. ಭಾರತದಲ್ಲಿ ಈ ರೋಗವು ಇತರ ಅರ್ಬುದಗಳಿಗೆ ಹೋಲಿಸಿದರೆ ವಿರಳವೆಂಬುದೂ ದಿಟ. ಆದರೆ ಇದರಿಂದ ನಮಗೆ ಈ ರೋಗವೇ ಇಲ್ಲವೆಂದು ಓದುಗನು ಗ್ರಹಿಸಿದರೆ ಆ ಬರಹವು ಹಾನಿಯನ್ನು ಮಾಡಿದಂತಾಯಿತು.

ನಮ್ಮ ದೇಶದ ಚರ್ಮಾರ್ಬುದಕ್ಕೆ ಬೇರೆ ಮೂಲಗಳುಂಟು. ಹಳೆಯ ಸುಟ್ಟಗಾಯದ ಕಲೆಯಲ್ಲಿ, ವರ್ಷಾನುಗಟ್ಟಲೆ ಮಾಯದ ವ್ರಣದಲ್ಲಿ ಅರ್ಬುದ ಹುಟ್ಟುವುದುಂಟು. ೧೮೨೮ರಲ್ಲಿ ಇಂಥ ವ್ರಣಗಳನ್ನು ವರ್ಣಿಸಿದ ಫ್ರೆಂಚ್ ವೈದ್ಯ ಮಾರ್ಜೋಲಿನ್ನನ ಹೆಸರಿನಿಂದ ಅದನ್ನು ಕರೆಯುತ್ತಾರೆ. ಕಾಶ್ಮೀರದಲ್ಲಿ ಚಳಿಗಾಗಿ ಉಡುಪಿನೊಳಗೆ ಇಟ್ಟುಕೊಳ್ಳುವ ಕಾಂಗ್ಡಿ ಎಂಬ ಕೆಂಡದ ಬುಟ್ಟಿಯಿಂದ ಹೊಟ್ಟೆ ತೊಡೆಗಳ ಮೇಲೆ ಬರುವ ಅರ್ಬುದವು ವೈದ್ಯಗ್ರಂಥಗಳಲ್ಲಿ ಪ್ರಸಿದ್ಧವಾಗಿದೆ. ಇವೆಲ್ಲಕ್ಕಿಂತ ನಮಗೆ ಸಮೀಪವಾದುದು ಮುಂಬಯಿಯ ಡಾ. ವಿ. ಆರ್. ಖಾನೋಲಕರರು ೧೯೪೫ರಲ್ಲಿ ತಮ್ಮ ಸಹೋದ್ಯೋಗಿಯೊಡನೆ ಪ್ರಕಟಿಸಿದ ಪ್ರಬಂಧ. ರೂಢಿಗಳಿಗೂ ಅರ್ಬುದಕ್ಕೂ ಇರುವ ಸಂಬಂಧವನ್ನು ವಿವೇಚಿಸಿದ ಆ ಪ್ರಬಂಧದಲ್ಲಿ, ಸೊಂಟಕ್ಕೆ ಬಿಗಿದು ಕಟ್ಟುವ ಧೋತರದ ನಿರಂತರ ಘರ್ಷಣೆಯಿಂದ ಬರುವ ಅರ್ಬುದವನ್ನು ಅವರು ಗುರುತಿಸಿದರು. ಅನಂತರದ ವೈದ್ಯರು ಸೀರೆಯನ್ನು ಬಿಗಿದುಡುವ ಸ್ತ್ರೀಯರಲ್ಲಿಯೂ ಇದನ್ನು ಕಂಡಿದ್ದಾರೆ. ಧೋತರ ಮತ್ತು ಇಳಕಲ್ ಸೀರೆಗಳ ನಾಡಾದ ನಮ್ಮ ಸೀಮೆಯಲ್ಲಿ ಈ ಪ್ರಬಂಧವು ವೈದ್ಯರ ಕಪಾಟಿನಲ್ಲಿ ಉಳಿಯದೆ ಜನರ ಮಾತಿನಲ್ಲಿ ಸೇರಬೇಕಾಗಿತ್ತು. ಸೊಂಟದ ಸುತ್ತ ಬಣ್ಣ ಬದಲಾಗಿ ದಪ್ಪವಾದ ಚರ್ಮದಲ್ಲಿ ಹುಣ್ಣಾಗಿ, ಅದು ಒಂದೆರಡು ತಿಂಗಳಾದರೂ ಮಾಯದಿದ್ದರೆ ವೈದ್ಯರಿಗೆ ತೋರಿಸಬೇಕೆಂಬ ಒಂದು ಮಾತು, ಬಿಸಿಲಿನ ವಿಷಯದ ಹತ್ತು ಉಪದೇಶಗಳಿಗಿಂತ ಇಲ್ಲಿ ಉಪಯುಕ್ತವಾದುದು.

ರೋಗದ ಜಾತಿಯನ್ನು ತಿಳಿಯದೆ ಚಿಕಿತ್ಸೆಯ ವಿಚಾರವನ್ನೆತ್ತುವುದೂ ವ್ಯರ್ಥ. ಚರ್ಮದ ತಳಪದರದ ಕಣಗಳಿಂದ ಹುಟ್ಟುವ ಅರ್ಬುದವು ನಿಧಾನವಾಗಿ ಬೆಳೆಯುತ್ತದೆ. ಬೇರೆ ಅಂಗಗಳಿಗೆ ಹರಡುವುದು ಅಪರೂಪ. ಮೇಲ್ಪದರದ ಚಪ್ಪಟೆ ಕಣಗಳಿಂದ ಹುಟ್ಟುವುದು ಕಂಕುಳು ತೊಡೆಸಂದುಗಳ ಗ್ರಂಥಿಗಳಿಗೆ ಹರಡಬಲ್ಲದು. ಸುಟ್ಟ ಕಲೆಯಲ್ಲಿ ಹುಟ್ಟಿದ್ದಾದರೆ ಇನ್ನೂ ಉಗ್ರವಾದುದು. ಅಂಗಾಲಿನ ಕಪ್ಪು ಮಚ್ಚೆಯಿಂದ ಹೊರಡುವ ಮೂರನೆಯ ಜಾತಿಗೆ ಶಸ್ತ್ರಕ್ರಿಯೆಯೇ ಮುಖ್ಯ. ಅಲ್ಲಿ ವಿಕಿರಣವು ಬಹುಮಟ್ಟಿಗೆ ಸಹಾಯಕ ಮಾತ್ರ.

೪

ಇನ್ನು "ಈ ವಯಸ್ಸಿನ್ಯಾಗ" ಎಂಬ ಮಾತಿಗೆ ಬರೋಣ. ಈ ವಿಷಯದಲ್ಲಿ ಎರಡು ಪರಸ್ಪರ ವಿರುದ್ಧವಾದ ವಾದಗಳು ಪ್ರಚಾರದಲ್ಲಿವೆ. ನನ್ನ ಅಭಿಪ್ರಾಯದಲ್ಲಿ ಎರಡೂ ಅಪೂರ್ಣ.

ಮೊದಲನೆಯ ವಾದವು ವಿಕಿರಣದ ಪರವಾದುದು: ಕೊಯ್ಯುವುದಿಲ್ಲ, ರಕ್ತವಿಲ್ಲ, ನೋವಿಲ್ಲ, ಆದುದರಿಂದ ಮುದುಕರಿಗೆ ಇದೇ ಉತ್ತಮ. ಈ ವಾದವನ್ನು ಪರೀಕ್ಷಿಸಲು ಫ್ರಾನ್ಸಿನಲ್ಲಿ ನಡೆದು ೧೯೯೭ರಲ್ಲಿ ಪ್ರಕಟವಾದ ಒಂದು ಹೋಲಿಕೆಯ ಅಧ್ಯಯನವು ನೆರವಾಗುತ್ತದೆ. ಮುಖದ ಮೇಲೆ ೪ ಸೆಂಟಿಮೀಟರಿಗಿಂತ ಚಿಕ್ಕದಾದ ತಳಪದರದ ಅರ್ಬುದವಿದ್ದ ೩೪೭ ರೋಗಿಗಳನ್ನು ಎರಡು ಪಂಗಡಗಳಾಗಿ ವಿಂಗಡಿಸಿ ಒಂದಕ್ಕೆ ಶಸ್ತ್ರಕ್ರಿಯೆಯನ್ನೂ ಇನ್ನೊಂದಕ್ಕೆ ವಿಕಿರಣವನ್ನೂ ಪ್ರಯೋಗಿಸಿದರು. ನಾಲ್ಕು ವರ್ಷಗಳ ಮೇಲೆ ಶಸ್ತ್ರಕ್ರಿಯೆಯ ಪಂಗಡದಲ್ಲಿ ವೈಫಲ್ಯವು ಶೇಕಡಾ ೦.೭, ವಿಕಿರಣದ ಪಂಗಡದಲ್ಲಿ ಶೇಕಡಾ ೭.೫. ಮುಖದ ಅಂದವು ಚೆನ್ನಾಗಿ ಉಳಿದವರೂ ಮೊದಲ ಪಂಗಡದಲ್ಲಿಯೇ ಹೆಚ್ಚು. ಆದುದರಿಂದ ಕೊಯ್ಯಬಹುದಾದ ಚಿಕ್ಕ ಗಂಟನ್ನು, ಸ್ಥಳೀಯ ಅರಿವಳಿಕೆಯನ್ನು ತಡೆದುಕೊಳ್ಳಬಲ್ಲ ವೃದ್ಧನಿಗೆ, ವಯಸ್ಸಿನ ಕಾರಣದಿಂದ ಮಾತ್ರವೇ ಕೊಯ್ಯದೆ ಬಿಡುವುದು ನ್ಯಾಯವಲ್ಲ. ಇಪ್ಪತ್ತು ನಿಮಿಷದ ಶಸ್ತ್ರಕ್ರಿಯೆ ಮೂವತ್ತು ಪ್ರಯಾಣಗಳಿಗಿಂತ ಹಗುರವಾದೀತು. ಅಲ್ಲದೆ ಮೊಳಕಾಲಿನ ಕೆಳಗಿನ ಭಾಗದಲ್ಲಿ ವಿಕಿರಣದ ಗಾಯವು ನಿಧಾನವಾಗಿ ಮಾಯುತ್ತದೆಂಬುದನ್ನೂ ನೆನಪಿಡಬೇಕು.

ಹಾಗಾದರೆ ವಿಕಿರಣಕ್ಕೆ ವೃದ್ಧರಲ್ಲಿ ವಿಶೇಷ ಸ್ಥಾನವೆಲ್ಲಿ? ರಕ್ತ ತೆಳುವಾಗುವ ಔಷಧಿ, ಹೃದಯರೋಗ ಮೊದಲಾದ ಕಾರಣಗಳಿಂದ ಶಸ್ತ್ರಕ್ರಿಯೆ ಕಷ್ಟವಾದಾಗ. ಮೂಗು, ರೆಪ್ಪೆ, ತುಟಿ, ಕಿವಿಗಳ ಬಳಿ ಕೊಯ್ದರೆ ಅಂಗವೇ ವಿಕಾರವಾಗುವಾಗ. ಕೊಯ್ದ ಮೇಲೂ ಅಂಚಿನಲ್ಲಿ ರೋಗ ಉಳಿದಾಗ. ಗುಣಪಡಿಸಲಾಗದಿದ್ದರೂ ರಕ್ತಸ್ರಾವ, ದುರ್ವಾಸನೆ, ನೋವುಗಳನ್ನು ತಗ್ಗಿಸಬೇಕಾದಾಗ. ಇದಕ್ಕೆ ಇನ್ನೊಂದು ಕಾರಣವನ್ನು ಸೇರಿಸಬೇಕು. ವಿಕಿರಣದ ದೂರಗಾಮಿ ದೋಷಗಳಾದ ಚರ್ಮದ ಬಿಳಿಚುವಿಕೆ, ತೆಳುವಾಗುವಿಕೆ, ಫ್ರೀಬೆನ್ ಕಂಡಂಥ ಹೊಸ ಅರ್ಬುದ ಇವು ಪ್ರಕಟವಾಗಲು ಹಲವು ವರ್ಷಗಳೇ ಬೇಕು. ಇಪ್ಪತ್ತೈದರ ತರುಣನಿಗೆ ಇದು ದೊಡ್ಡ ಆತಂಕ. ಎಂಬತ್ತರ ಹಿರಿಯರಿಗೆ ಅಲ್ಲ. ಆದುದರಿಂದಲೇ ವೈದ್ಯರು ಈ ಚಿಕಿತ್ಸೆಯನ್ನು ಸಾಮಾನ್ಯವಾಗಿ ಅರವತ್ತು ದಾಟಿದವರಿಗೆ ಮೀಸಲಿಡುತ್ತಾರೆ. ವಯಸ್ಸು ಇಲ್ಲಿ ಚಿಕಿತ್ಸೆಯನ್ನು ಬಿಡಲು ಕಾರಣವಲ್ಲ; ಈ ಚಿಕಿತ್ಸೆಯನ್ನೇ ಆರಿಸಲು ಕಾರಣ. ಮಗನ ಮಾತು ತಿರುಗುಮುರುಗಾಗಿದ್ದುದು ಇಲ್ಲಿಯೇ.

ಎರಡನೆಯ ವಾದವು ಬಿಟ್ಟುಬಿಡುವುದರ ಪರವಾದುದು. ಇದರಲ್ಲಿಯೂ ಸತ್ಯಾಂಶವುಂಟು. ನಿಧಾನವಾಗಿ ಬೆಳೆಯುವ, ಯಾವ ತೊಂದರೆಯನ್ನೂ ಕೊಡದ ಚಿಕ್ಕ ತಳಪದರದ ಗಂಟನ್ನು, ಬೇರೆ ವ್ಯಾಧಿಗಳಿಂದ ಬಳಲಿದ ಅತಿವೃದ್ಧರಲ್ಲಿ, ನೋಡಿಕೊಳ್ಳುತ್ತ ಸುಮ್ಮನಿರುವುದು ವಿವೇಕವೇ ಆಗಬಹುದು. ಆದರೆ ಸೊಂಟದ ಚಪ್ಪಟೆ ಕಣದ ಹುಣ್ಣಿಗೆ ಈ ವಾದ ಸಲ್ಲದು. ಅದು ಬಿಟ್ಟಲ್ಲಿ ಇರುವುದಿಲ್ಲ. ಆಳವಾಗುತ್ತದೆ, ನಾರುತ್ತದೆ, ರಕ್ತ ಸುರಿಸುತ್ತದೆ, ತೊಡೆಸಂದಿನ ಗ್ರಂಥಿಗಳನ್ನು ಸೇರುತ್ತದೆ. ಎಂಬತ್ತು ದಾಟಿದವರು ಇನ್ನೂ ಹಲವು ವರ್ಷ ಬದುಕಬಹುದು. ಆ ವರ್ಷಗಳನ್ನು ಅವರು ಮನೆಯ ಪಡಸಾಲೆಯಲ್ಲಿ ಎಲ್ಲರ ನಡುವೆ ಕುಳಿತು ಕಳೆಯುವರೋ ಅಥವಾ ವಾಸನೆಗೆ ನಾಚಿ ಹಿತ್ತಲ ಕೋಣೆಯಲ್ಲಿ ಕಳೆಯುವರೋ ಎಂಬುದೇ ಇಲ್ಲಿಯ ನಿಜವಾದ ಪ್ರಶ್ನೆ.

೫

ಆದರೂ ಮಗನ ಲೆಕ್ಕವು ಸುಳ್ಳಲ್ಲ. ಗದಗದಿಂದ ಹುಬ್ಬಳ್ಳಿಗೆ ಸುಮಾರು ೬೦ ಕಿಲೋಮೀಟರ್, ಹೋಗಿಬರಲು ೧೨೦. ಮೂವತ್ತು ಸರದಿಗಳಿಗೆ ೩,೬೦೦ ಕಿಲೋಮೀಟರ್. ಅಷ್ಟು ದಿನಗಳ ಕೂಲಿ ಅಥವಾ ಹೊಲದ ಕೆಲಸ. ಜೊತೆಗೆ ಒಬ್ಬ ಆಳು. ಹುಬ್ಬಳ್ಳಿಯ ನವನಗರದಲ್ಲಿ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆಯಿದೆ. ೧೯೭೩ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯಿದೆ. ಯಂತ್ರಗಳು ಇಲ್ಲವೆಂದಲ್ಲ, ಯಂತ್ರಕ್ಕೂ ಎರೆಹೊಲದ ಮನೆಗೂ ನಡುವಣ ಅಂತರವನ್ನು ಯಂತ್ರದ ಇತಿಹಾಸವು ಅಳೆಯುವುದಿಲ್ಲ.

ಈ ಅಂತರಕ್ಕೆ ವೈದ್ಯಶಾಸ್ತ್ರವು ತಕ್ಕಮಟ್ಟಿಗೆ ಉತ್ತರ ಕೊಟ್ಟಿದೆ. ಆದರೆ ಆ ಉತ್ತರವು ಹಳ್ಳಿಗೆ ತಲುಪಿಲ್ಲ. ಅತಿವೃದ್ಧರಿಗೆ ಸರದಿಗಳನ್ನು ಕಡಿಮೆಮಾಡಿ, ಪ್ರತಿ ಸರದಿಯ ಪ್ರಮಾಣವನ್ನು ಹೆಚ್ಚಿಸುವ ಪದ್ಧತಿಯು ಅಂಗೀಕೃತವಾಗಿದೆ. ಚಿಕ್ಕ ಗಂಟುಗಳಿಗೆ ೩೫ ಗ್ರೇಗಳನ್ನು ಐದೇ ಸರದಿಗಳಲ್ಲಿ, ಇಲ್ಲವೆ ೪೫ ಗ್ರೇಗಳನ್ನು ಹತ್ತು ಸರದಿಗಳಲ್ಲಿ ಕೊಡುವುದುಂಟು. ನೋವು ರಕ್ತಸ್ರಾವಗಳ ಶಮನಕ್ಕಾಗಿ ೮ ಗ್ರೇಗಳ ಒಂದೇ ಸರದಿಯೂ ಉಂಟು. ಹೀಗೆ ಮಾಡಿದರೆ ಬಹುವರ್ಷಗಳ ಮೇಲೆ ಚರ್ಮದ ಅಂದ ಕೆಡುವ ಸಂಭವವು ಹೆಚ್ಚು. ಆ ಬೆಲೆಯನ್ನು ಎಂಬತ್ತರ ಹಿರಿಯರು ಸಂತೋಷದಿಂದ ತೆತ್ತಾರು. ಐದು ಸರದಿಗಳೆಂದರೆ ೩,೬೦೦ ಕಿಲೋಮೀಟರುಗಳ ಬದಲು ೬೦೦. "ಜೋಡಿ ಯಾರು ಹೋಗೂದು" ಎಂಬ ಪ್ರಶ್ನೆಗೆ ಮನೆಯಲ್ಲಿ ಉತ್ತರ ಸಿಕ್ಕುವ ಲೆಕ್ಕವಿದು. ದೊಡ್ಡ ಹುಣ್ಣಿಗೆ ಈ ಪದ್ಧತಿ ಒಪ್ಪುವುದೋ ಇಲ್ಲವೋ ಎಂಬುದನ್ನು ವೈದ್ಯರೇ ಹೇಳಬೇಕು. ಆದರೆ ಅವರನ್ನು ಕೇಳಬೇಕೆಂಬುದು ರೋಗಿಯ ಮನೆಯವರಿಗೆ ತಿಳಿದಿರಬೇಕಲ್ಲವೆ?

ಹಣದ ಪ್ರಶ್ನೆಯಲ್ಲಿ ಕಣಗಿನಹಾಳದ ಇತಿಹಾಸವೇ ನಮ್ಮನ್ನು ಎದುರುಗೊಳ್ಳುತ್ತದೆ. ಸಾಹುಕಾರನ ಬಡ್ಡಿಗೆ ಸಿಕ್ಕಿದ ರೈತನು ಒಬ್ಬಂಟಿಯಾಗಿ ಹೊರಲಾರದ ಭಾರವನ್ನು ಹಲವರು ಕೂಡಿ ಹೊರಬಹುದೆಂಬುದೇ ೧೯೦೫ರ ಸಂಘದ ತತ್ತ್ವ. ಇದೇ ತತ್ತ್ವವನ್ನು ಆರೋಗ್ಯಕ್ಕೆ ಅನ್ವಯಿಸಿದುದು ೨೦೦೩ರಲ್ಲಿ ಕರ್ನಾಟಕದಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆ. ಗ್ರಾಮೀಣ ಸಹಕಾರಿ ಸಂಘಗಳ ಸದಸ್ಯರು ಪ್ರಾರಂಭದಲ್ಲಿ ವರ್ಷಕ್ಕೆ ತಲಾ ೬೦ ರೂಪಾಯಿ ಕೊಟ್ಟು ಶಸ್ತ್ರಚಿಕಿತ್ಸೆಯ ವೆಚ್ಚದಿಂದ ರಕ್ಷಣೆ ಪಡೆದರು. ಇದು ಮಹತ್ತ್ವದ ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ವಿಮರ್ಶಕನು ಗಮನಿಸಬೇಕಾದ ಎರಡು ಗೆರೆಗಳು ಅದರ ಮೊದಲ ರೂಪದಲ್ಲಿದ್ದುವು. ಅದು ಮುಖ್ಯವಾಗಿ ಶಸ್ತ್ರಕ್ರಿಯೆಗಾಗಿ ರೂಪಿತವಾದುದು. ಮತ್ತು ೭೫ ವರ್ಷಗಳ ವಯೋಮಿತಿಯನ್ನುಳ್ಳದ್ದು. ಶಸ್ತ್ರಕ್ರಿಯೆಯನ್ನು ತಡೆಯಲಾರದ, ಎಂಬತ್ತು ದಾಟಿದ ಸದಸ್ಯನು ಈ ಎರಡು ಗೆರೆಗಳಿಂದಲೂ ಆಚೆಗೆ ಉಳಿದನು. ಸಂಘದ ಸದಸ್ಯತ್ವಕ್ಕೆ ವಯಸ್ಸಿನ ಮೇಲ್ಮಿತಿಯಿಲ್ಲದಿರಲು ಸಂಘದ ರಕ್ಷಣೆಗೆ ಏಕೆ ಇರಬೇಕಾಗಿತ್ತು? ವಿಮಾಶಾಸ್ತ್ರದ ಲೆಕ್ಕವು ಇದಕ್ಕೆ ಕಾರಣ ಕೊಟ್ಟೀತು. ಸಹಕಾರದ ತತ್ತ್ವವು ಕೊಡಲಾರದು.

ಅನಂತರದ ಬೆಳವಣಿಗೆಗಳು ಈ ಗೆರೆಗಳನ್ನು ಸ್ವಲ್ಪಮಟ್ಟಿಗೆ ಅಳಿಸಿವೆ. ೨೦೧೦ರಲ್ಲಿ ಬಡಕುಟುಂಬಗಳಿಗಾಗಿ ಪ್ರಾರಂಭವಾದ ವಾಜಪೇಯಿ ಆರೋಗ್ಯಶ್ರೀಯು ಅರ್ಬುದ ಚಿಕಿತ್ಸೆಯನ್ನು ಒಳಗೊಂಡಿತು. ೨೦೧೮ರಲ್ಲಿ ಹಲವು ಯೋಜನೆಗಳು ಆರೋಗ್ಯ ಕರ್ನಾಟಕದಲ್ಲಿ ಸೇರಿದುವು. ಆಗ ನಿಂತ ಯಶಸ್ವಿನಿಯನ್ನು ೨೦೨೨ರಲ್ಲಿ ಪುನಃ ಪ್ರಾರಂಭಿಸಲಾಯಿತು. ೨೦೨೪ರಲ್ಲಿ ಕೇಂದ್ರ ಸರ್ಕಾರವು ಆಯುಷ್ಮಾನ್ ಭಾರತ ಯೋಜನೆಯನ್ನು ಎಪ್ಪತ್ತು ದಾಟಿದ ಎಲ್ಲರಿಗೂ ವಿಸ್ತರಿಸುವುದಾಗಿ ಪ್ರಕಟಿಸಿತು. ಆದರೆ ಚಿಕಿತ್ಸೆಯ ವೆಚ್ಚವನ್ನು ಕೊಡುವುದು ಬೇರೆ. ಜೊತೆಗೆ ಬರುವ ಆಳು, ಬಸ್ಸಿನ ಖರ್ಚು, ಆಸ್ಪತ್ರೆಯ ಬಳಿ ಉಳಿಯಲು ಒಂದು ಜಾಗ ಇವುಗಳನ್ನು ಒದಗಿಸುವುದು ಬೇರೆ. ಈ ಎರಡನೆಯದು ಯಾವ ರಾಜಧಾನಿಯಿಂದಲೂ ಬರಲಾರದು. ಅದು ಊರಿನ ಸಂಘವು ಮಾಡಬಲ್ಲ ಕೆಲಸ. ಬೀಜಗೊಬ್ಬರಗಳನ್ನು ಮನೆಬಾಗಿಲಿಗೆ ತಲುಪಿಸಬಲ್ಲ ಸಂಘವು, ವರ್ಷದಲ್ಲಿ ಒಬ್ಬಿಬ್ಬರು ಹಿರಿಯರನ್ನು ಐದು ಸಲ ಹುಬ್ಬಳ್ಳಿಗೆ ಕರೆದೊಯ್ದು ತರಲಾರದೆ?

೬

ಈ ವಿವೇಚನೆಯಿಂದ ಫಲಿಸುವುದಿಷ್ಟು. ವಿಕಿರಣ ಚಿಕಿತ್ಸೆಯು ವೃದ್ಧರಿಗೆ ಸರ್ವಥಾ ಶ್ರೇಷ್ಠವೂ ಅಲ್ಲ, ಸರ್ವಥಾ ನಿಷ್ಪ್ರಯೋಜಕವೂ ಅಲ್ಲ. ರೋಗದ ಜಾತಿ, ಅದಿರುವ ಸ್ಥಳ, ರೋಗಿಯ ಶಕ್ತಿ, ಸರದಿಗಳ ಸಂಖ್ಯೆ ಈ ನಾಲ್ಕನ್ನೂ ಕೂಡಿಸಿ ನೋಡದೆ, ವಯಸ್ಸು ಎಂಬ ಒಂದನ್ನೇ ಹಿಡಿದು ಮಾಡಿದ ನಿರ್ಣಯವು ನಿರ್ಣಯವೇ ಅಲ್ಲ. ಕಣಗಿನಹಾಳದ ಮಗನು ತಂದೆಯ ಮೇಲೆ ಪ್ರೀತಿಯಿಲ್ಲದೆ ಹಾಗೆ ಹೇಳಲಿಲ್ಲ. ತನಗೆ ಗೊತ್ತಿದ್ದ ಒಂದೇ ಲೆಕ್ಕವನ್ನು ಹೇಳಿದನು. ಇನ್ನೊಂದು ಲೆಕ್ಕವನ್ನು ಅವನ ಮುಂದಿಡಬೇಕಾಗಿದ್ದವರು ಓದುಬರಹ ಬಲ್ಲ ನಾವು.

ಮುಂದಿನ ವಾರ ನಾನು ಪುನಃ ಅಲ್ಲಿಗೆ ಹೋದೆನು. ಈ ಸಲ ಹಿರಿಯರನ್ನೇ ಕೇಳಿದೆನು. ಅವರು ಬಹಳ ಹೊತ್ತು ಸುಮ್ಮನಿದ್ದು, "ಐದು ಸಲ ಅಂದ್ರ ಹೋಗಬಹುದಲ್ಲೋ ತಮ್ಮಾ" ಎಂದರು. ವೈದ್ಯರು ಐದೇ ಸಲ ಎನ್ನುವರೋ ಹತ್ತು ಎನ್ನುವರೋ ನಾನು ಹೇಳಲಾರೆನೆಂದು ತಿಳಿಸಿದೆನು. ಮಗನು ಹುಬ್ಬಳ್ಳಿಯ ಬಸ್ಸಿನ ವೇಳೆಯನ್ನು ವಿಚಾರಿಸತೊಡಗಿದನು.